ಡೋಣಿಯ ಗುಡ್ಡದಲ್ಲಿ ‘ಹಚ್ಚು’ ಎಂದ ಮಾತು

ಬಂಡೆಗೆ ಮದ್ದಿಟ್ಟು ಸುರಂಗ ಹೊಡೆಯುವವನು ಬಂದ ದಿನ ನಮ್ಮ ಮುಕಾದಮರು ಅವನ ಮುಖ ನೋಡಲಿಲ್ಲ. ಅವನು ಲಾರಿಯಿಂದ ಇಳಿದು, ತಗಡಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಎಲ್ಲರಿಗೂ ಸೇರಿಸಿ ಒಂದು ಸಲಾಂ ಮಾಡಿದ. ಮುಕಾದಮರು ತಲೆಯ ರುಮಾಲು ಬಿಚ್ಚಿ, ಝಾಡಿಸಿ, ಮತ್ತೆ ಸುತ್ತಿಕೊಳ್ಳುತ್ತ ನನ್ನನ್ನು ಕೇಳಿದರು.

“ಸಾಹೇಬ್ರ, ಇವ ಹೊಳಿ ಆಚಿ ಕಡಿಯಾವ ಅಲ್ರಿ?”

ಹೌದು ಎಂದೆ.

“ಮದ್ದಿನ ಪೆಟಗಿ ಇವನ ಕೈಯಾಗ ಕೊಡ್ತಾರೇನ್ರಿ?”

ಅವನ ಕೆಲಸವೇ ಅದು, ಮತ್ತಾರ ಕೈಗೆ ಕೊಡುವುದು ಎಂದೆ. ಮುಕಾದಮರು ಗುಡ್ಡದ ಕಡೆ ನಡೆದುಬಿಟ್ಟರು.

ಅದು ಏಕೀಕರಣದ ನಂತರದ ಮೊದಲ ಬೇಸಿಗೆ. ಗದಗದಿಂದ ಮುಂಡರಗಿಗೆ ಹೋಗುವ ರಸ್ತೆ ಡೋಣಿಯ ಹತ್ತಿರ ಒಂದು ಕಡೆ ಗುಡ್ಡದ ಚಾಚಿಗೆ ಒತ್ತಿಕೊಂಡು ತಿರುಗುತ್ತಿತ್ತು. ಕಪ್ಪತಗುಡ್ಡದಿಂದ ಇಳಿದು ಬಂದ ಗಟ್ಟಿ ಕಲ್ಲಿನ ಮೂಗು ಅದು. ಎದುರಿನಿಂದ ಬರುವ ಗಾಡಿ ಕಾಣುತ್ತಿರಲಿಲ್ಲ. ಬಸ್ಸು ಬಂದರೆ ಚಕ್ಕಡಿಗಳು ಹೊಲಕ್ಕಿಳಿದು ನಿಲ್ಲಬೇಕಾಗಿತ್ತು. ಮಳೆ ಹಿಡಿಯುವುದರೊಳಗೆ ಆ ಮೂಗನ್ನು ಕತ್ತರಿಸಿ ರಸ್ತೆ ಅಗಲ ಮಾಡಬೇಕೆಂದು ಆದೇಶವಾಗಿತ್ತು. ಅರ್ಧಕ್ಕೆ ಬಿಟ್ಟರೆ ಸಡಿಲಾದ ಕಲ್ಲುಮಣ್ಣೆಲ್ಲ ಮೊದಲ ದೊಡ್ಡ ಮಳೆಗೆ ರಸ್ತೆಯ ಮೇಲೆ ಕುಸಿದು ಮುಂಡರಗಿಯ ದಾರಿಯೇ ಮುಚ್ಚಿಹೋಗುತ್ತಿತ್ತು.

ನಾನು ಬೆಟಗೇರಿಯವನು, ಓವರ್ಸಿಯರ್. ಮುಕಾದಮರು ಸೊರಟೂರಿನವರು. ವಯಸ್ಸಿನಲ್ಲಿ ನನ್ನ ತಂದೆಯ ಸಮ. ಆಳುಗಳನ್ನು ನಡೆಸುವುದರಲ್ಲಿ ಪಳಗಿದ ಕೈ. ನಾವಿಬ್ಬರೂ ಮುಂಬಯಿ ಸರಕಾರದ ನೌಕರರಾಗಿದ್ದವರು. ನಮ್ಮ ಮೇಲೆ ಬಂದ ಇಂಜಿನಿಯರರು ಮೈಸೂರಿನವರು. ಸುರಂಗದವನು ಹೈದರಾಬಾದ್ ಸರಕಾರದಲ್ಲಿದ್ದವನು. ರಾಯಚೂರು ಕಡೆಯ ಕಲ್ಲುಗಣಿಗಳಲ್ಲಿ ಕೆಲಸ ಕಲಿತಿದ್ದ. ಮನೆಮಾತು ಉರ್ದು, ಕನ್ನಡ ಸಂತೆಯಲ್ಲಿ ಕಲಿತದ್ದು. ಕಲ್ಲು ಒಡೆದು ಹೊರುವ ಗುಂಪು ಮೊದಲು ಮದರಾಸಿಗೆ ಸೇರಿದ್ದ ಬಳ್ಳಾರಿ ಕಡೆಯದು. ಗಂಡಸರು, ಹೆಂಗಸರು ಎಲ್ಲ ಒಂದೇ ಬಳಗದವರು. ತಮ್ಮತಮ್ಮಲ್ಲಿ ತೆಲುಗು ಆಡುತ್ತಿದ್ದರು, ನಮ್ಮೊಂದಿಗೆ ಕನ್ನಡ. ಅವರಿಗೆಲ್ಲ ಒಬ್ಬ ಹಿರಿಯನಿದ್ದ. ಹೀಗೆ ಕೆಲವೇ ವರ್ಷಗಳ ಹಿಂದೆ ನಾಲ್ಕು ಸರಕಾರಗಳ ಕೆಳಗೆ ದುಡಿದವರನ್ನು ಒಂದು ಗುಡ್ಡದ ಮುಂದೆ ತಂದು ನಿಲ್ಲಿಸಿದ್ದರು. ಎಲ್ಲರಿಗೂ ಕನ್ನಡ ಬರುತ್ತದೆ, ಇನ್ನೇನು ತೊಂದರೆ ಎಂದು ಮೇಲಿನವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಮುಕಾದಮರ ಸಿಟ್ಟಿಗೆ ಕಾರಣವಿತ್ತು. ಅವರ ಮಗಳನ್ನು ಹೊಳೆಯಾಚೆ ನಿಜಾಮನ ಸೀಮೆಯ ಹಳ್ಳಿಗೆ ಕೊಟ್ಟಿದ್ದರು. ರಜಾಕಾರರ ಗದ್ದಲದಲ್ಲಿ ಅವಳ ಗಂಡನ ಮನೆಯ ಬಣವೆ, ದನದ ಕೊಟ್ಟಿಗೆ ಸುಟ್ಟುಹೋದವು. ಅವಳು ಕೂಸನ್ನು ಎತ್ತಿಕೊಂಡು ಹರಗೋಲಿನಲ್ಲಿ ತುಂಗಭದ್ರೆ ದಾಟಿ ಬಂದಿದ್ದಳು. ಅದಾಗಿ ಬಹಳ ವರ್ಷಗಳೇನೂ ಆಗಿರಲಿಲ್ಲ. ಸುರಂಗದವನ ಟೋಪಿ, ಅವನ ಮಾತಿನ ಧಾಟಿ, ಎಲ್ಲವೂ ಮುಕಾದಮರಿಗೆ ಆ ದಿನವನ್ನೇ ನೆನಪಿಸುತ್ತಿದ್ದವು. ಅವನು ಆ ಗದ್ದಲದಲ್ಲಿ ಇದ್ದನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಆದರೆ ಡೋಣಿಯ ಚಹದಂಗಡಿಯಲ್ಲಿ ಅವನು ರಜಾಕಾರನಾಗಿದ್ದನೆಂಬ ಮಾತು ವಾರದೊಳಗೆ ಹಬ್ಬಿತ್ತು.

ಇಂಜಿನಿಯರರ ವಿಷಯದಲ್ಲಿ ನನಗೂ ಮನಸ್ಸು ತಿಳಿಯಾಗಿರಲಿಲ್ಲ. ರಾಜ್ಯ ಒಂದಾದರೂ ಹೆಸರು ಮೈಸೂರೆಂದೇ ಇತ್ತು. ನಮ್ಮ ಸೇವೆಯ ಹಿರಿತನ ಕತ್ತರಿಸಿ ಆ ಕಡೆಯವರನ್ನು ಮೇಲೆ ಹಾಕುತ್ತಾರೆಂಬ ಗುಸುಗುಸು ಗದಗದ ಕಚೇರಿಯಲ್ಲಿ ನಿತ್ಯ ಇತ್ತು. ಅವರು ಮೆತ್ತಗೆ ಮಾತಾಡುತ್ತಿದ್ದರು. ಬಂದ ಮೊದಲ ವಾರ ಮುಕಾದಮರಿಗೆ, “ಆ ಇಳಿಜಾರು ಸ್ವಲ್ಪ ಸರಿ ಮಾಡಿದ್ರೆ ಚೆನ್ನಾಗಿರತ್ತೆ ಅಲ್ವಾ?” ಎಂದರು. ಮುಕಾದಮರು, “ಆತ್ ಬಿಡ್ರಿ” ಎಂದರು. ಎರಡು ದಿನವಾದರೂ ಇಳಿಜಾರು ಹಾಗೆಯೇ ಇತ್ತು. ಇಂಜಿನಿಯರರು ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಿ, ನಾನು ಆರ್ಡರ್ ಕೊಟ್ರೆ ‘ಆಯ್ತು ಬಿಡಿ’ ಅಂತ ಮುಖಕ್ಕೇ ಹೇಳ್ತಾರೆ. ನನ್ನ ಮಾತಿಗೆ ಇಷ್ಟೇನಾ ಬೆಲೆ?”

ನಾನು ಮುಕಾದಮರನ್ನು ಕೇಳಿದೆ.

“ಆರ್ಡರ್ ಎಲ್ಲಿ ಕೊಟ್ರಿ ಅವ್ರು? ಚೊಲೊ ಇರತೈತಿ ಅಂದ್ರು. ನಾನೂ ಹೌದ್ರಿ ಅಂದೆ. ಮಾಡು ಅನ್ಲಿಲ್ಲಲ್ರಿ?”

ನಮ್ಮ ಕಡೆ ‘ಆತ್ ಬಿಡ್ರಿ’ ಎಂದರೆ ಒಪ್ಪಿಗೆಯ ಮಾತು. ಅವರ ಕಡೆ ಅದು ಬೇಸತ್ತು ತಳ್ಳಿಹಾಕುವ ಮಾತು. ‘ಮಾಡಿದ್ರೆ ಚೆನ್ನಾಗಿರತ್ತೆ’ ಎಂಬುದೇ ಅವರ ಹುಕುಂ. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು, ಆದರೆ ನಂಬಿದಂತೆ ಕಾಣಲಿಲ್ಲ. ‘ಇವನು ಆ ಕಡೆಯವರ ಪರ ಮಾತಾಡುತ್ತಾನೆ’ ಎಂಬ ನೋಟ ಎರಡೂ ಕಡೆಯಿಂದ ನನಗೆ ಬಿತ್ತು. ಅಂದು ಅದನ್ನು ನಗುವ ಸಂಗತಿಯೆಂದು ಬಿಟ್ಟುಬಿಟ್ಟೆ.

ಕೆಲಸದ ಕ್ರಮ ಹೀಗಿತ್ತು. ಒಬ್ಬ ಕುಳಿತು ಉಕ್ಕಿನ ಹಾರೆಯನ್ನು ಕಲ್ಲಿನ ಮೇಲೆ ಹಿಡಿದು ತಿರುಗಿಸುತ್ತಿದ್ದ, ಇಬ್ಬರು ನಿಂತು ಸುತ್ತಿಗೆಯಿಂದ ಬಡಿಯುತ್ತಿದ್ದರು. ಮೊಳಕ್ಕಿಂತ ಆಳದ ತೂತಾದ ಮೇಲೆ ಒಳಗಿನ ಪುಡಿ ತೆಗೆದು ಒಣಗಿಸುವುದು. ಅಲ್ಲಿಂದ ಮುಂದೆ ಸುರಂಗದವನ ಪಾಲು, ಹಿರಿಯ ಅವನಿಗೆ ಕೈನೆರವಾಗುತ್ತಿದ್ದ. ಮದ್ದು ತುಂಬಿ, ಬತ್ತಿಯ ಒಂದು ತುದಿಯನ್ನು ಅದರೊಳಗೆ ಸೇರಿಸಿ, ಮೇಲೆ ಜೇಡಿಮಣ್ಣು ಹಾಕಿ ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ಗಟ್ಟಿಸುವುದು. ಆಮೇಲೆ ಕೆಂಪು ಬಾವುಟ, ಸೀಟಿ. ಎಲ್ಲರೂ ದೂರದ ಹಳ್ಳದ ಮರೆಗೆ ಹೋದ ಮೇಲೆ ಅವನೊಬ್ಬನೇ ಉಳಿದು ಬತ್ತಿಗಳಿಗೆ ಬೆಂಕಿ ಕೊಟ್ಟು ಓಡಿ ಬರುತ್ತಿದ್ದ. ಬೆಂಕಿ ಕೊಡು ಎಂದು ಹೇಳುವವನು ನಾನು, ಇಲ್ಲವೆ ಇಂಜಿನಿಯರರು. ಮುಕಾದಮರು ಸುರಂಗದವನಿಗೆ ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದರು, ಅಥವಾ ಗುಂಪಿನ ಹಿರಿಯನ ಕೈಲಿ ಹೇಳಿಸುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅನಾಹುತವಾದ ದಿನ ಇಂಜಿನಿಯರರು ಗದಗಕ್ಕೆ ಹೋಗಿದ್ದರು. ನಾನು ತಿರುವಿನ ಆಚೆ ಬದಿಯಲ್ಲಿ ಟೇಪು ಹಿಡಿಸಿಕೊಂಡು ಅಳತೆ ತೆಗೆಯುತ್ತಿದ್ದೆ. ಅಲ್ಲಿಂದ ಗುಡ್ಡದ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೇಲೆ ಸುರಂಗದವನು ಕುಳಿತಿದ್ದ. ಕೆಳಗೆ ಹೆಂಗಸರು ಬುಟ್ಟಿಯಲ್ಲಿ ಕಲ್ಲು ತುಂಬುತ್ತಿದ್ದರು. ಊಟದ ಹೊತ್ತು ಹತ್ತಿರವಾಗಿತ್ತು. ಗುಂಪಿನ ಹಿರಿಯ ಹಾರೆ ಮೊನೆ ಮಾಡಿಸಲು ಕುಲುಮೆಯ ಕಡೆ ಹೋಗಿದ್ದ. ಮಾತು ದಾಟಿಸಲು ಯಾರೂ ಇಲ್ಲದ ಕಾರಣ ಮುಕಾದಮರು ತಾವೇ ಸುರಂಗದವನ ಹತ್ತಿರ ಹೋಗಿ ಏನೋ ಹೇಳಿ, ತಿರುಗಿ ಹೆಂಗಸರ ಕಡೆ ಇಳಿಯತೊಡಗಿದರು.

ಸುರಂಗದವನು ಬಗ್ಗಿದ. ಒಂದೆಳೆ ಹೊಗೆ ಎದ್ದಿತು.

ಮೊದಲು ನನಗೆ ಅದು ಬೀಡಿಯ ಹೊಗೆ ಎನಿಸಿತು. ಮದ್ದಿನ ಹತ್ತಿರ ಬೀಡಿ ಹಚ್ಚಿದನೇ ಎಂದು ಕೂಗಬೇಕು ಎನ್ನುವಷ್ಟರಲ್ಲಿ ಅವನೇ ಎದ್ದು ಕೆಳಗೆ ನೋಡಿ, ಎರಡೂ ಕೈ ಬೀಸುತ್ತ, “ಭಾಗೋ! ಓಡ್ರಿ! ಓಡ್ರಿ!” ಎಂದು ಕಿರುಚಿದ. ಹೆಂಗಸರು ಬುಟ್ಟಿ ಎಸೆದು ಓಡಿದರು. ಮುಕಾದಮರು ಒಬ್ಬಳ ತೋಳು ಹಿಡಿದು ಎಳೆದುಕೊಂಡು ಬಂಡೆಯ ಮರೆಗೆ ಬಿದ್ದರು. ಸುರಂಗದವನು ಬತ್ತಿ ಕೀಳಲು ಮತ್ತೆ ಬಗ್ಗಿದ. ಒಂದನ್ನು ಕಿತ್ತೆಸೆದ. ಇನ್ನೊಂದು ಕೈಗೆ ಸಿಗುವಷ್ಟು ಉಳಿದಿರಲಿಲ್ಲ. ಅವನು ಜಿಗಿದದ್ದೂ ಗುಡ್ಡ ಸಿಡಿದದ್ದೂ ಒಟ್ಟಿಗೇ.

ಧೂಳು ಇಳಿದಾಗ ಹಿರಿಯನ ಸೊಸೆ ನೆಲದ ಮೇಲಿದ್ದಳು. ಕಲ್ಲೊಂದು ಮೊಣಕಾಲಿನ ಕೆಳಗೆ ಬಡಿದು ಎಲುಬು ಮುರಿದಿತ್ತು. ಲಾರಿಯಲ್ಲಿ ಹುಲ್ಲು ಹಾಸಿ ಗದಗದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ನೋವಿನ ಮಾತು ಆಡಲಿಲ್ಲ. “ಅಂತಾ ಉನ್ನಾರಾ?” ಎಂದು ಕೇಳುತ್ತಲೇ ಇದ್ದಳು. ಎಲ್ಲರೂ ಇದ್ದಾರೆಯೇ ಎಂದು. ಎಲ್ಲರೂ ಇದ್ದರು.

ನಾನು ಮರಳಿ ಬಂದಾಗ ಕೆಲಸದ ಜಾಗದ ಸುತ್ತ ಊರ ಜನ ನೆರೆದಿದ್ದರು. ಸುರಂಗದವನನ್ನು ಸಾಮಾನಿನ ಕೋಣೆಯಲ್ಲಿ ಕೂರಿಸಿ ಹೊರಗೆ ಚಿಲಕ ಹಾಕಿದ್ದರು. ಹಿಡಿದಿಟ್ಟಿದ್ದೋ ಕಾಪಾಡಿದ್ದೋ ಹೇಳುವುದು ಕಷ್ಟವಾಗಿತ್ತು. ಮುಕಾದಮರ ಹಣೆಯ ಮೇಲೆ ರಕ್ತ ಒಣಗಿತ್ತು.

“ನಾ ಅವತ್ತಽ ಹೇಳಿದ್ದೆ ಸಾಹೇಬ್ರ,” ಎಂದರು. “ಹೆಣ್ಮಕ್ಕಳು ಕೆಳಗ ಇದ್ದದ್ದು ಅವಗ ಕಾಣ್ತಿರಲಿಲ್ಲೇನು? ಬೇಕಂತನಽ ಮಾಡ್ಯಾನ.”

ಊರವರು ಮತ್ತೊಂದನ್ನು ಸೇರಿಸಿದರು. ಪ್ರತಿ ಶುಕ್ರವಾರ ಅವನು ಹಮ್ಮಿಗಿಯ ಕಡೆ ಹೋಗುತ್ತಾನೆ, ಹೊಳೆಯ ದಂಡೆಯಲ್ಲಿ ಯಾರನ್ನೋ ಕಾಣುತ್ತಾನೆ, ಮದ್ದು ಆಚೆಗೆ ಸಾಗಿಸುತ್ತಾನೆ. ನೋಡಿದವರು ಯಾರು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸಿದರು.

ಮರುದಿನ ಇಂಜಿನಿಯರರು ಬಂದರು. ಅವರ ಮುಖ ಬಿಳಿಚಿತ್ತು. “ನೀವು ಕಣ್ಣಾರೆ ನೋಡಿದ್ದೀರಿ. ಅವನು ಹುಕುಂ ಇಲ್ಲದೆ ಬೆಂಕಿ ಕೊಟ್ಟ ಅಂತ ಒಂದು ಹೇಳಿಕೆ ಬರೆದುಕೊಡಿ. ಅವನನ್ನ ಇವತ್ತೇ ಪೊಲೀಸರಿಗೆ ಒಪ್ಪಿಸಿ ಬೇರೆಯವನನ್ನ ತರಿಸ್ತೀನಿ,” ಎಂದರು. ಅವರ ಮೇಲೂ ಅನುಮಾನದ ಕಣ್ಣುಗಳಿದ್ದವು. ಮೈಸೂರಿನವರು ಬಂದ ಮೇಲೆ ನಮ್ಮ ಕಡೆ ರಕ್ತ ಬಿತ್ತು ಎಂದು ಗದಗದಲ್ಲಿ ಆಗಲೇ ಆಡಿಕೊಳ್ಳುತ್ತಿದ್ದರು. ಬೇಗ ಒಬ್ಬನ ಮೇಲೆ ತಪ್ಪು ನಿಂತರೆ ಎಲ್ಲರಿಗೂ ಹಗುರವಾಗುತ್ತಿತ್ತು.

ನಾನು ಬರೆದುಕೊಡುತ್ತೇನೆ ಎಂದೆ. ಆದರೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದ ಮೇಲೆ.

ಸಾಮಾನಿನ ಕೋಣೆಯಲ್ಲಿ ಸುರಂಗದವನು ಗೋಡೆಗೆ ಒರಗಿ ಕುಳಿತಿದ್ದ. ಬತ್ತಿ ಕೀಳಲು ಹೋದ ಕೈಯ ಬೆರಳುಗಳು ಸುಟ್ಟು ಊದಿಕೊಂಡಿದ್ದವು. ಅದಕ್ಕೆ ಯಾರೂ ಎಣ್ಣೆ ಸಹ ಹಚ್ಚಿರಲಿಲ್ಲ.

“ಮುಕಾದಮರು ನಿನಗೇನು ಅಂದ್ರು?” ಎಂದು ಕೇಳಿದೆ.

“ಬತ್ತಿ ಹಚ್ಚು ಅಂದ್ರು ಸಾಬ್. ನಾ ಹೆಣ್ಮಕ್ಕಳನ್ನ ಕರಕೊಂಡು ಹೋಗ್ತೀನಿ ಅಂದ್ರು. ಎರಡು ತೂತಿಗೆ ಬತ್ತಿ ಸೇರ್ಸಿ ಆಗಿತ್ತು. ನಾ ತಿಳದೆ, ಹೆಣ್ಮಕ್ಕಳು ಹೊಂಟಾರ, ಬತ್ತಿ ಉದ್ದ ಐತಿ, ಟೈಮ್ ಐತಿ. ಹಚ್ಚಿದೆ. ಆಮ್ಯಾಲೆ ನೋಡ್ತೀನಿ, ಇನ್ನೂ ಅಲ್ಲೇ ಅದಾರ. ಖುದಾ ಸಾಕ್ಷಿ ಸಾಬ್, ಸುಳ್ಳ ಹೇಳ್ತಿಲ್ಲ.”

“ಬಾವುಟ ಇರಲಿಲ್ಲ, ಸೀಟಿ ಇರಲಿಲ್ಲ. ಹೇಗೆ ಹಚ್ಚಿದೆ?”

ಅವನು ಸುಟ್ಟ ಕೈಯನ್ನು ಮಡಿಲಿಗೆ ಎಳೆದುಕೊಂಡ. “ಅವರು ನನಕೂಡ ಮೊದಲ ಸಲ ಮಾತಾಡಿದ್ರು ಸಾಬ್. ಯಾಕ ಅಂತ ಎದುರ ಕೇಳೂದು ಹೆಂಗ? ಅನುಮಾನ ಪಟ್ಟೆ ಅಂತ ಸಿಟ್ಟಾಗ್ತಾರ ಅಂದ್ಕೊಂಡೆ.”

ಶುಕ್ರವಾರದ ವಿಷಯವನ್ನೂ ನೇರವಾಗಿ ಕೇಳಿದೆ.

“ಹಮ್ಮಿಗ್ಯಾಗ ನಮ್ಮ ಅಕ್ಕನ ಮನಿ ಐತಿ ಸಾಬ್. ಉಂಡು ಬರ್ತೀನಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಅಲ್ಲಿಂದ ಮುಕಾದಮರ ಹತ್ತಿರ ಹೋದೆ. ನೀವು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿರಿ ಎಂದೆ.

“ಬತ್ತಿ ಹಚ್ಚು, ನಾ ಹೆಣ್ಮಕ್ಕಳನ್ನ ಕರಕೊಂಡು ಹೋಗತೇನಿ ಅಂದೆ. ಇಷ್ಟಽ.”

ನಾನು ಅಲ್ಲೇ ಕುಳಿತುಬಿಟ್ಟೆ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು, ಯಾರೂ ಕೂಡಿಸಿ ಹೇಳಿಕೊಡದೆ, ಒಂದೇ ಮಾತನ್ನು ಹೇಳಿದ್ದರು. ಒಬ್ಬನಾದರೂ ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಕಟ್ಟಿದ್ದರೆ ಮಾತು ಬೇರೆಯಾಗಬೇಕಿತ್ತು.

“ಹಚ್ಚು ಅಂದರೆ ಏನು ಮಾಡು ಅಂತ ಹೇಳಿದಿರಿ?”

ಮುಕಾದಮರು ನನಗೆ ಬುದ್ಧಿ ಕೆಟ್ಟಿದೆಯೇ ಎನ್ನುವಂತೆ ನೋಡಿದರು. “ಹಚ್ಚು ಅಂದ್ರ ಹಚ್ಚೂದ್ರಿ! ತೂತಿನಾಗ ಬತ್ತಿ ಸೇರ್ಸಿ ಮಣ್ಣ ಗಟ್ಟಸೂದು. ಅಷ್ಟೊತ್ತಿಗೆ ನಾ ಹೆಣ್ಮಕ್ಕಳನ್ನ ಊಟಕ್ಕ ಕಳಿಸಿದ್ರ, ನೀವು ಬಂದು ಬಾವುಟ ತೋರಸ್ತೀರಿ ಅಂತ.”

ನಮ್ಮಲ್ಲಿ ಅಂಗಿಗೆ ಗುಂಡಿ ಹಚ್ಚುತ್ತೇವೆ, ಹಿತ್ತಲಲ್ಲಿ ಗಿಡ ಹಚ್ಚುತ್ತೇವೆ, ಗೋಡೆಗೆ ಸುಣ್ಣ ಹಚ್ಚುತ್ತೇವೆ, ಹುಡುಗರನ್ನು ಶಾಲೆಗೆ ಹಚ್ಚುತ್ತೇವೆ. ದೀಪವನ್ನೂ ಹಚ್ಚುತ್ತೇವೆ. ಹುಟ್ಟಿದಾಗಿನಿಂದ ಆ ಮಾತಿನಲ್ಲೇ ಬೆಳೆದವರಿಗೆ ಎಲ್ಲಿ ಯಾವುದು ಎಂದು ಯೋಚಿಸಬೇಕಾಗಿಲ್ಲ. ಸಂತೆಯಲ್ಲಿ ಕನ್ನಡ ಕಲಿತವನಿಗೆ ಹಚ್ಚುವುದೆಂದರೆ ದೀಪ, ಬೀಡಿ, ಒಲೆ. ಅವನ ಕೈಯಲ್ಲಿದ್ದದ್ದು ಬತ್ತಿ.

ಇದನ್ನು ಇಂಜಿನಿಯರರಿಗೆ ಹೇಳಿದೆ. ಅವರು ಕೇಳಿದರು, ಆದರೆ ಒಪ್ಪಲಿಲ್ಲ. “ನೀವು ಅವನಿಗೆ ದಾರಿ ಹುಡುಕಿ ಕೊಡ್ತಿದ್ದೀರಿ ಅನ್ನಿಸತ್ತೆ. ಒಂದು ವೇಳೆ ನಿಜ ಅಂತಲೇ ಇಟ್ಕೊಳ್ಳೋಣ. ಇನ್ಮೇಲೆ ಹಚ್ಚು ಅನ್ನೋದು ಬೇಡ, ‘ಅಂಟಿಸು’ ಅಂತ ಹೇಳಿ. ಅದರಲ್ಲಿ ಗೊಂದಲ ಇಲ್ಲ.”

ಹಿಂದಿನ ದಿನ ಆಗಿದ್ದರೆ ಆಯ್ತು ಸರ್ ಎಂದು ಹೊರಡುತ್ತಿದ್ದೆ. ಈಗ ನನಗೆ ಯಾವ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ. ಎಲ್ಲರನ್ನೂ ಕೂರಿಸಿ ಒಮ್ಮೆ ನೋಡೋಣ ಸರ್, ಆಮೇಲೆ ನೀವು ಹೇಳಿದಂತೆ ಬರೆದುಕೊಡುತ್ತೇನೆ ಎಂದೆ. ಅವರು ಗಡಿಯಾರ ನೋಡಿಕೊಂಡು ಒಪ್ಪಿದರು.

ಬೇವಿನ ಮರದ ಕೆಳಗೆ ಎಲ್ಲರನ್ನೂ ಕರೆಸಿದೆ. ಸುರಂಗದವನನ್ನೂ ಹೊರಗೆ ತಂದು ಕೂರಿಸಿದೆ. ಗುಂಪಿನ ಹಿರಿಯ ಅವನ ಕಡೆ ಬೆನ್ನು ಮಾಡಿ ಕುಳಿತ. ಮದ್ದಿನ ಪೆಟ್ಟಿಗೆಯನ್ನು ದೂರ ಇಡಿಸಿ, ಒಬ್ಬೊಬ್ಬರ ಮುಂದೆ ಒಂದು ಹಿಡಿ ಹಸಿಮಣ್ಣಿನ ಮುದ್ದೆ, ಒಂದು ತುಂಡು ಬತ್ತಿ, ಒಂದು ಕಡ್ಡಿಪೆಟ್ಟಿಗೆ ಇಟ್ಟೆ. ಯಾರೂ ಯಾರನ್ನೂ ನೋಡಬಾರದು, ನಾನು ಹೇಳಿದ್ದನ್ನು ಕೈಯಿಂದ ಮಾಡಿ ತೋರಿಸಬೇಕು ಎಂದೆ. ಮುಕಾದಮರು ಗೊಣಗಿದರು. “ಸಣ್ಣ ಹುಡುಗರ ಆಟ ಹಚ್ಚೀರಲ್ರಿ,” ಎಂದರು. ಆ ಮಾತಿನಲ್ಲೂ ‘ಹಚ್ಚು’ ಇದ್ದದ್ದು ಅವರಿಗೆ ಹೊಳೆಯಲಿಲ್ಲ.

“ಬತ್ತಿ ಹಚ್ಚ್ರಿ.”

ಮುಕಾದಮರು ಬತ್ತಿಯನ್ನು ಮಣ್ಣಿನ ಮುದ್ದೆಗೆ ಚುಚ್ಚಿ ಹೆಬ್ಬೆರಳಿನಿಂದ ಒತ್ತಿದರು. ಸುರಂಗದವನು ಸುಟ್ಟ ಬೆರಳಿನಿಂದಲೇ ಕಡ್ಡಿ ಗೀರಿದ. ಇಂಜಿನಿಯರರೂ ಕಡ್ಡಿ ತೆಗೆದಿದ್ದರು. ಕೈ ನಡುವೆಯೇ ನಿಂತಿತು.

ನಾನು ಮುಂದಿನದನ್ನು ಹೇಳಿದೆ.

“ಬತ್ತಿ ಅಂಟಿಸ್ರಿ.”

ಇಂಜಿನಿಯರರು ಈ ಸಲ ಬತ್ತಿಯನ್ನು ಮಣ್ಣಿಗೆ ಚುಚ್ಚಿದರು. ಮುಕಾದಮರೂ ಚುಚ್ಚಿದರು. ಗುಂಪಿನ ಹಿರಿಯ ನಿಧಾನವಾಗಿ ಕಡ್ಡಿ ಗೀರಿ ಬತ್ತಿಯ ತುದಿಗೆ ಹಿಡಿದ. ಅದು ಚುಂಯ್ ಎಂದು ಹತ್ತಿಕೊಂಡಿತು.

“ನಮ್ಮಾಗ ಅಂಟಿಂಚು ಅಂದ್ರ ಇದೇ ಸಾಮಿ,” ಎಂದ. “ದೀಪಾ ಅಂಟಿಸ್ತೀವಿ, ಒಲೆ ಅಂಟಿಸ್ತೀವಿ.”

ಇಂಜಿನಿಯರರು ಉರಿಯುತ್ತಿದ್ದ ಆ ತುಂಡನ್ನೇ ನೋಡುತ್ತ ಕುಳಿತರು. ಅವರ ಹೊಸ ಹುಕುಂ ಆ ದಿನವೇ ಜಾರಿಯಾಗಿದ್ದರೆ, ಮುಂದಿನ ಸಲ ಬೆಂಕಿ ಕೊಡುವವನು ಸುರಂಗದವನಿಗೆ ಕೈನೆರವಾಗುವ ಹಿರಿಯನೇ ಆಗುತ್ತಿದ್ದ, ತನ್ನದೇ ಬಳಗದವರ ಮೇಲೆ.

ಸುರಂಗದವನು ಮೊದಲ ಬಾರಿಗೆ ತಾನಾಗಿ ಬಾಯಿ ತೆರೆದ. “ಹಂಗಾದ್ರ ಬತ್ತಿ ಸೇರ್ಸೂದಕ್ಕ ‘ಲಗಾವ್’ ಅನ್ರಿ ಸಾಬ್. ಅದು ಎಲ್ಲಾರಿಗೂ ತಿಳೀತೈತಿ.”

“ಬೆಂಕಿ ಇಡೋದಕ್ಕೆ ನಿಮ್ಮಲ್ಲಿ ಏನಂತಾರೆ?” ಎಂದು ಕೇಳಿದೆ.

“ಆಗ್ ಲಗಾ...” ಎಂದವನು ಅಲ್ಲಿಗೇ ನಿಂತು ತಲೆ ತಗ್ಗಿಸಿದ. ಹಿರಿಯನ ಗಂಟಲಿನಿಂದ ನಗುವಿನಂಥ ಒಂದು ಸದ್ದು ಬಂತು. ಸೊಸೆ ಆಸ್ಪತ್ರೆಯಲ್ಲಿದ್ದವನು ನಕ್ಕನೆಂದು ನನಗೆ ನಂಬಲಾಗಲಿಲ್ಲ. ಅವನೂ ಕೂಡಲೇ ಬಾಯಿ ಒರೆಸಿಕೊಂಡ.

ಮುಕಾದಮರು ಮಾತ್ರ ನಗಲಿಲ್ಲ. ತಮ್ಮ ಮುಂದಿನ ಮಣ್ಣಿನ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಸುರಂಗದವನ ಕಡೆ ಮುಖ ಮಾಡದೆ, “ಅಂದ್ರ ನಾ ಅಂದದ್ದಕ್ಕ ಅವ ಹಚ್ಯಾನ,” ಎಂದರು. ಆಮೇಲೆ ಎದ್ದು ತಮ್ಮ ಗುಡಿಸಲಿಗೆ ಹೋಗಿ, ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಕೈಗೆ ಕೊಟ್ಟರು. ಯಾರಿಗೆ ಎಂದು ಹೇಳಲಿಲ್ಲ.

ನಾನು ಹೇಳಿಕೆ ಬರೆದುಕೊಟ್ಟೆ. ಇಂಜಿನಿಯರರು ಕೇಳಿದ ಹೇಳಿಕೆ ಅದಲ್ಲ. ಅವರು ಎರಡು ಸಲ ಓದಿ ಸಹಿ ಮಾಡಿದರು. “ಇದರಿಂದ ನನಗೂ ನಿಮಗೂ ತೊಂದರೆ ಆಗಬಹುದು, ಗೊತ್ತಲ್ವಾ?” ಎಂದರು. ಗೊತ್ತು ಎಂದೆ. ಮುಂದೆ ಅವರಿಗೆ ಮೇಲಿನಿಂದ ಛೀಮಾರಿಯಾಯಿತೆಂದು ಕೇಳಿದೆ. ನನ್ನೆದುರು ಅವರು ಅದನ್ನು ಎಂದೂ ಆಡಲಿಲ್ಲ.

ಆದರೆ ಕೆಲಸ ಮತ್ತೆ ಹಿಡಿಯುವುದು ಸುಲಭವಾಗಲಿಲ್ಲ. ಗುಂಪಿನವರು ಗುಡ್ಡದ ಬುಡಕ್ಕೆ ಕಾಲಿಡಲು ಒಪ್ಪಲಿಲ್ಲ. ನಾನೂ ಇಂಜಿನಿಯರರೂ ಹೊಸ ಮಾತುಗಳನ್ನು ಗೊತ್ತುಮಾಡಿದೆವು. ಬತ್ತಿಯನ್ನು ತೂತಿಗೆ ಸೇರಿಸುವುದಕ್ಕೆ ‘ತುರುಕು’, ಬೆಂಕಿ ಕೊಡುವುದಕ್ಕೆ ‘ಬೆಂಕಿ’. ಆ ಎರಡನ್ನು ಬಿಟ್ಟು ಗುಡ್ಡದ ಮೇಲೆ ಬತ್ತಿಯ ಬಗ್ಗೆ ಬೇರೆ ಮಾತೇ ಆಡಕೂಡದು. ಕೇಳಿದವನು ಕೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಹಿರಿಯ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದ.

“ನಮ್ಮೋರು ಹೊರಗ ಬಂದ್ರು ಅಂತ ನಾ ಹೇಳಬೇಕು ಸಾಮಿ. ನೀವಲ್ಲ. ನಾ ಹೂಂ ಅನ್ನೋತನಕ ಬೆಂಕಿ ಹೋಗಬಾರ್ದು.”

ಇಂಜಿನಿಯರರಿಗೆ ಇದು ಹಿಡಿಸಲಿಲ್ಲ. ಅಧಿಕಾರ ಯಾರ ಕೈಯಲ್ಲಿ ಎಂಬುದು ಅವರ ಚಿಂತೆ. ನನಗೆ ಅದರಲ್ಲಿ ಒಂದು ದಾರಿ ಕಂಡಿತು. ಹಿರಿಯ ಮುಕಾದಮರಿಗೆ ‘ಹೂಂ’ ಅನ್ನಲಿ, ಮುಕಾದಮರು ಸುರಂಗದವನಿಗೆ ‘ಬೆಂಕಿ’ ಎನ್ನಲಿ, ಅವನು ‘ಬೆಂಕಿ’ ಎಂದು ತಿರುಗಿ ಕೂಗಿದ ಮೇಲೆ ಕಡ್ಡಿ ಗೀರಲಿ. ಸಿಡಿಯದೆ ಉಳಿದದ್ದು ಇದ್ದರೆ ತಿಳಿಯಲೆಂದು, ಸಿಡಿದ ಸದ್ದನ್ನು ಮುಕಾದಮರೂ ಅವನೂ ಬೇರೆಬೇರೆ ಎಣಿಸಲಿ. ಇಬ್ಬರ ಲೆಕ್ಕ ಕೂಡದಿದ್ದರೆ ಮರುದಿನದವರೆಗೆ ಯಾರೂ ಒಳಗೆ ಹೋಗಕೂಡದು. ಅಂದರೆ ಮಾತನ್ನು ದಾಟಿಸಲು ನಾನು ನಡುವೆ ನಿಲ್ಲುವುದಿಲ್ಲ.

“ಇವನ ಕೂಡ ನಾ ಮಾತಾಡಬೇಕೇನ್ರಿ?” ಎಂದರು ಮುಕಾದಮರು.

“ಒಂದೇ ಮಾತು,” ಎಂದೆ. “ಬೆಂಕಿ ಅಂತ.”

“ಇವನ ಮ್ಯಾಲ ನನಗ ನಂಬಿಗಿಲ್ಲರಿ.”

“ನಂಬಬೇಡಿ. ಎಣಿಸಿ.”

ಇಂಜಿನಿಯರರು ಒಂದು ವಾರ ನೋಡೋಣ ಎಂದರು. ಆ ‘ನೋಡೋಣ’ದ ಅರ್ಥವೇನೆಂದು ಮುಕಾದಮರು ಅವರನ್ನೇ ಕೇಳಿಬಿಟ್ಟರು. “ಒಂದು ವಾರ ಹೀಗೆ ಮಾಡಿ ಅಂತ,” ಎಂದರು ಅವರು. ಮುಖದಲ್ಲಿ ಸ್ವಲ್ಪ ಮುಜುಗರವಿತ್ತು.

ಕೆಲಸ ನಡೆಯಿತು. ನಿಧಾನವಾಗಿ ನಡೆಯಿತು. ‘ಬೆಂಕಿ’ ಎಂದು ಕೂಗುವಾಗ ಮುಕಾದಮರ ದನಿಯಲ್ಲಿ ಬೈಗುಳದ ಬಿಸಿ ಇರುತ್ತಿತ್ತು, ತಿರುಗಿ ಕೂಗುವ ಸುರಂಗದವನ ದನಿಯಲ್ಲೂ ಅದೇ. ಊಟಕ್ಕೆ ಇಬ್ಬರೂ ಬೇರೆಬೇರೆ ಮರ ಹುಡುಕುತ್ತಿದ್ದರು. ಹಿರಿಯ ಪ್ರತಿ ಸಲವೂ ತನ್ನವರನ್ನು ಮುಟ್ಟಿ ಮುಟ್ಟಿ ನೋಡಿ, ಹಳ್ಳದ ಮರೆಯಿಂದ ‘ಹೂಂ’ ಎನ್ನುತ್ತಿದ್ದ. ಚಹದಂಗಡಿಯ ಮಾತು ನಿಲ್ಲಲಿಲ್ಲ. ಬದಲಾಗಿ, ಓವರ್ಸಿಯರನನ್ನೂ ಅವನು ಕೊಂಡುಕೊಂಡಿದ್ದಾನೆ ಎಂಬುದೂ ಸೇರಿಕೊಂಡಿತು.

ಮುಂಗಾರಿಗೆ ಮುಂಚಿನ ಮೋಡ ಕಟ್ಟಿದ ಒಂದು ಮಧ್ಯಾಹ್ನ. ಹಿಂದಿನ ಸಂಜೆ ಒಂದು ಹನಿ ಬಿದ್ದು ನೆಲ ತೋಯ್ದಿತ್ತು. ಗುಡ್ಡದ ಮೂಗಿನ ಕೊನೆಯ ದೊಡ್ಡ ಭಾಗ ಆ ದಿನ ಹಾರಬೇಕಿತ್ತು. ಹಾರಿದ ಕಲ್ಲನ್ನು ಸಂಜೆಯೊಳಗೆ ತೆರವು ಮಾಡದಿದ್ದರೆ ಮಳೆಗೆ ಎಲ್ಲವೂ ರಸ್ತೆಗೆ ಇಳಿಯುತ್ತದೆಂದು ಇಂಜಿನಿಯರರು ಬೆಳಗಿನಿಂದ ಚಡಪಡಿಸುತ್ತಿದ್ದರು. ಒಂಬತ್ತು ಸುರಂಗ ತುಂಬಿದ್ದವು. ಹೂಂ ಆಯಿತು, ಬೆಂಕಿ ಆಯಿತು. ಸುರಂಗದವನು ಓಡಿ ಬಂದು ನಮ್ಮ ಪಕ್ಕ ಕುಕ್ಕರಿಸಿದ. ಗುಡ್ಡ ಒಂದಾದ ಮೇಲೊಂದು ಸಿಡಿಯಿತು. ಸದ್ದು ನಿಂತಿತು.

“ಒಂಬತ್ತು,” ಎಂದ ಸುರಂಗದವನು.

“ಎಂಟು,” ಎಂದರು ಮುಕಾದಮರು.

“ನಡುವ ಎರಡು ಕೂಡೇ ಹಾರ್ಯಾವ ಸಾಬ್. ಜೋರ ಸಪ್ಪಳ ಬರ್ಲಿಲ್ಲೇನು? ಇಪ್ಪತ್ತು ವರ್ಷ ಇದೇ ಕೆಲಸ ಮಾಡೀನಿ.”

“ಜೋರ ಬಂತು. ಆದ್ರ ಒಂದಽ ಬಂತು.”

ಇಂಜಿನಿಯರರು ಆಕಾಶ ನೋಡಿದರು, ನನ್ನನ್ನು ನೋಡಿದರು. “ಅವನ ಕಸುಬು ಅದು, ಅವನಿಗೆ ಗೊತ್ತಿರತ್ತೆ. ಇವರಿಗೆ ಅವನು ಏನು ಹೇಳಿದ್ರೂ ಸುಳ್ಳೇ ತಾನೇ?” ಎಂದರು. ಅದು ನಿಜವೂ ಆಗಿತ್ತು. ಮುಕಾದಮರು ಹಟಕ್ಕೆ ಹೇಳುತ್ತಿದ್ದಾರೋ ಕೇಳಿದ್ದನ್ನು ಹೇಳುತ್ತಿದ್ದಾರೋ ನನಗೂ ತಿಳಿಯಲಿಲ್ಲ. ನಾನು ಸದ್ದು ಎಣಿಸಿರಲಿಲ್ಲ. ಎಣಿಸುವುದು ನನ್ನ ಕೆಲಸವಾಗಿರಲಿಲ್ಲ.

ಸುರಂಗದವನು ಎದ್ದು ನಿಂತಿದ್ದ. “ನಾ ಹೋಗಿ ನೋಡಿ ಬರ್ತೀನಿ ಸಾಬ್. ನನ್ನ ಜೀವ, ನನ್ನ ಜಿಮ್ಮಾ.”

“ಲೆಕ್ಕ ಕೂಡಲಿಲ್ಲ,” ಎಂದೆ. “ಇವತ್ತು ಯಾರೂ ಹೋಗುವುದಿಲ್ಲ.”

“ಮಳೆ ಬಂದ್ರೆ?” ಎಂದರು ಇಂಜಿನಿಯರರು.

“ರಸ್ತೆ ಮುಚ್ಚಿದರೆ ಮತ್ತೆ ತೆಗೆಯೋಣ ಸರ್.”

ಅವರು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಸುರಂಗದವನ ಮುಖ ಕೆಂಪಾಗಿತ್ತು. ಎಲ್ಲರ ಮುಂದೆ, ತನ್ನ ಕಸುಬಿನಲ್ಲಿ, ತನ್ನ ಮಾತಿಗಿಂತ ಮುಕಾದಮರ ಹಟ ಹೆಚ್ಚಾಯಿತಲ್ಲ ಎಂಬ ಅವಮಾನ ಅವನ ಕಣ್ಣಿನಲ್ಲಿತ್ತು. ಅವನು ನಮ್ಮಿಂದ ಸರಿದು ಹಳ್ಳದ ಏರಿಯ ಮೇಲೆ ಬೆನ್ನು ತಿರುಗಿಸಿ ಕುಳಿತ. ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತರು. ಹಿರಿಯ ಎಲೆ ಅಡಿಕೆ ತೆಗೆದ. ಅವನು ಸುಣ್ಣ ತೀಡಿ, ಎಲೆ ಮಡಿಸಿ, ಬಾಯಿಗಿಟ್ಟು, ಒಂದು ಸಲ ಉಗಿದೂ ಆಗಿತ್ತು.

ಗುಡ್ಡ ಸಿಡಿಯಿತು.

ಸಣ್ಣ ಸದ್ದಾಗಿರಲಿಲ್ಲ ಅದು. ಮೂಗಿನ ಬಲ ಮಗ್ಗುಲು ಪೂರ್ತಿ ಎದ್ದು, ಕಲ್ಲುಗಳು ನಾವು ಅಡಗಿದ್ದ ಹಳ್ಳದ ಅಂಚಿನವರೆಗೂ ಬಂದು ಬಿದ್ದವು. ಹಿಂದಿನ ಸಂಜೆಯ ಹನಿಗೆ ತೋಯ್ದ ತೂತಿನಲ್ಲಿ ಒಂದು ಬತ್ತಿ ತೇವ ಹಿಡಿದಿರಬೇಕು. ಆರದೆ, ಉರಿಯದೆ, ಒಳಗೊಳಗೇ ಕನಲುತ್ತ ಇಷ್ಟು ಹೊತ್ತು ಹೋಗಿತ್ತು. ಸುರಂಗದವನು ಹೋಗಿ ನಿಲ್ಲುತ್ತಿದ್ದ ಜಾಗ ನಮ್ಮೆಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಲ್ಲಿಗೇ ನೋಡುತ್ತಿದ್ದೆವು. ಅಲ್ಲಿ ಈಗ ಏನೂ ಇರಲಿಲ್ಲ.

ಧೂಳು ಇಳಿಯುವವರೆಗೂ ಯಾರೂ ಏಳಲಿಲ್ಲ. ಆಮೇಲೆ ಸುರಂಗದವನು ಎದ್ದು ಬಂದ. ಮುಕಾದಮರ ಮುಂದೆ ನಿಂತ.

“ನಿಮ್ಮ ಲೆಕ್ಕ ಖರೆ ಮುಕಾದಮ್ ಸಾಬ್.”

ಮುಕಾದಮರು ಅವನ ಮುಖ ನೋಡಿದರು. ಅವನು ಲಾರಿಯಿಂದ ಇಳಿದ ದಿನದಿಂದ ಅವರು ನೋಡಿದ್ದು ಅದೇ ಮೊದಲು.

“ನಿನ್ನ ಮ್ಯಾಲ ನನಗ ಇನ್ನೂ ನಂಬಿಗಿ ಬಂದಿಲ್ಲಪಾ,” ಎಂದರು. “ಅದಕ್ಕಽ ಒಂದೊಂದ ಸಪ್ಪಳಾನೂ ಕಿವಿಗೊಟ್ಟು ಎಣಿಸಿದೆ.”

“ನಂಬಿಗಿ ಬರೂದು ಬ್ಯಾಡ್ರಿ,” ಎಂದ ಸುರಂಗದವನು. “ಗುಡ್ಡ ಮುಗಿಯೂತನಕ ಹಿಂಗಽ ಎಣಿಸ್ರಿ.”

ಮುಕಾದಮರು ತಾವು ಕುಳಿತಿದ್ದ ಕಲ್ಲಿನ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. ಅವನು ಕುಳಿತ. ಮಳೆಯ ಮೊದಲ ಹನಿಗಳು ಬೀಳತೊಡಗಿದಾಗಲೂ ಇಬ್ಬರೂ ಅಲ್ಲಿಯೇ ಕುಳಿತಿದ್ದರು.